ಒಂದು ಪೇಟ, ಇಬ್ಬರು ಪ್ರಧಾನಿಗಳು

ಎಲ್ಲ ರಗಳೆಗೂ ಮೂಲ ಇಂದ್ರೇಶನ ಗ್ಯಾರೇಜು. ಭಾನುವಾರದ ಮಕ್ಕಳ ಕನ್ನಡ ಕ್ಲಾಸಿನ ಬೆಂಚು, ಬೋರ್ಡುಗಳೆಲ್ಲ ಅದರೊಳಗೆ ಬೆಚ್ಚಗೆ ಕೂತಿದ್ದವು. ಅವನ ಕಾರು ಮಾತ್ರ ಹೊರಗೆ, ಪರದೇಶದ ಕ್ಲೇಟನ್ ಬಡಾವಣೆಯ ಮಳೆಯಲ್ಲಿ ನೆನೆಯುತ್ತಿತ್ತು. ಅಥೆನ್ಸ್ ಒಲಿಂಪಿಕ್ಸ್ ನಡೆದ ಆ ವರ್ಷ, ಗ್ರೀಕ್ ಕ್ಲಬ್ಬಿನ ಅಧ್ಯಕ್ಷ ಸ್ಟಾವ್ರೋಸ್ ಅಂಕಲ್, ಕ್ಲಾಸಿಗೆ ತಮ್ಮ ಹಾಲ್ ಕೊಡಲು ಒಪ್ಪಿದರು. ಷರತ್ತು ಒಂದೇ. ತಮ್ಮ ಕ್ಲಬ್ಬಿನ ಹಬ್ಬಕ್ಕೆ ಕನ್ನಡದವರು ನಾಟಕವಾಡಬೇಕು. ಮಹಾಯುದ್ಧದಲ್ಲಿ ದೇಶ ಬಿಟ್ಟ ಗ್ರೀಕ್ ರಾಜಕಾರಣಿಗಳು ಪರದೇಶದ ಹೋಟೆಲಿನಲ್ಲಿ ಕೂತು, ಎಲ್ಲ ಪಕ್ಷಗಳೂ ಸೇರಿದ ಸರ್ಕಾರ ಕಟ್ಟಿದ ಕತೆ.

ಮಂತ್ರಿಗಳು ಸುಲಭವಾಗಿ ಸಿಕ್ಕರು. ಪ್ರಧಾನಿಗಳು ಮಾತ್ರ ಒಬ್ಬರು ಹೆಚ್ಚಾದರು. ಒಬ್ಬರು ಕನ್ನಡ ಸಂಘದ ಹಾಲಿ ಅಧ್ಯಕ್ಷ ರುದ್ರಪ್ಪ, ಇನ್ನೊಬ್ಬರು ಮಾಜಿ ಅಧ್ಯಕ್ಷ ಡಾಕ್ಟರ್ ವೆಂಕಟರಾಮ. ನಾಟಕದ ದಿನ ಬೆಳಗಿನಿಂದಲೇ, ಅದನ್ನು ಆಡಿಸುತ್ತಿದ್ದ ಇಂದ್ರೇಶನ ಮೊಬೈಲು ಕುಕ್ಕರಿನಂತೆ ಕೂಗತೊಡಗಿತು.

“ಅಲ್ಲಯ್ಯ ಇಂದ್ರೇಶ್, ಆ ಮನುಷ್ಯನ ಕೈಕೆಳಗೆ ನಾನು ಆಹಾರ ಮಂತ್ರಿ ಆಗ್ಲಾ?” ಎಂದರು ಡಾಕ್ಟರು.

“ಹಾಲಿ ಅಧ್ಯಕ್ಷ ನಾ ಇದ್ದೀನ್ರೀ. ಮಾಜಿಗಳು ಪ್ರಧಾನಿ ಆಗೋದು ಯಾವ ನ್ಯಾಯಾರೀ?” ಎಂದರು ರುದ್ರಪ್ಪ.

“ಸುಮ್ನೆ ಬನ್ನಿ ಸಾರ್, ಪ್ರಧಾನಿಯ ಪೇಟ ನಿಮಗೇ,” ಎಂದು ಇಂದ್ರೇಶ ಇಬ್ಬರಿಗೂ ಹೇಳಿದ.

“ಇಬ್ಬರಿಗೂ ಹೂಂ ಅಂದ್ರಾ?” ಹೆಂಡತಿ ಪ್ರಾರ್ಥನಾ ನಕ್ಕಳು. “ಗ್ಯಾರೇಜ್ ಗುಡಿಸಿಡ್ತೀನಿ, ಬೇಕಾಗತ್ತೆ.”

ಕೊನೆಯ ದೃಶ್ಯ. ಗ್ರೀಕರು ಪ್ರಮಾಣವಚನ ಹೇಗೆ ಮಾಡಿದರೋ, ಸಂಘದವರಿಗೆ ಗೊತ್ತಿದ್ದದ್ದು ಸನ್ಮಾನ ಒಂದೇ. ಶಾಲು, ಹಾರ, ಮೈಸೂರು ಪೇಟದ ತಟ್ಟೆ ವೇದಿಕೆಗೆ ಬಂತು. ಒಂದೇ ಬಚ್ಚಲಿಗೆ ಹೊರಟ ಇಬ್ಬರು ನೆಂಟರಂತೆ ಇಬ್ಬರೂ ನುಗ್ಗಿ ತಲೆ ಬಗ್ಗಿಸಿದರು. ಶಾಲಿನ ಒಂದು ತುದಿ ಡಾಕ್ಟರ ಕೈಯಲ್ಲಿ, ಇನ್ನೊಂದು ರುದ್ರಪ್ಪನವರ ಕೈಯಲ್ಲಿ. ಮಂತ್ರಿಗಳು ಎರಡು ಗುಂಪಾದರು. ಯುಗಾದಿಯ ಊಟಕ್ಕೆ ಹೋಳಿಗೆ ಸಾಲದೆ ಹೋದದ್ದು ಯಾರಿಂದ ಎಂಬಲ್ಲಿಗೆ ಮಾತು ಬಂದಾಗ ಇಂದ್ರೇಶ ಪರದೆ ಎಳೆದುಬಿಟ್ಟ. ಕಣ್ಣ ಮುಂದೆ ಗ್ಯಾರೇಜಿನ ಬಾಗಿಲು ತೆರೆದುಕೊಂಡಿತು.

ಆದರೆ ಹೊರಗೆ ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಸ್ಟಾವ್ರೋಸ್ ಅಂಕಲ್ ಕಣ್ಣೊರೆಸಿಕೊಳ್ಳುತ್ತ ಬಂದರು. “ಒಂದು ಮಾತೂ ತಿಳೀಲಿಲ್ಲ. ಆದ್ರೆ ಆ ಮಂತ್ರಿಗಳು ಕಚ್ಚಾಡಿದ್ದನ್ನ ನಮ್ಮಪ್ಪ ಹೇಳ್ತಿದ್ದದ್ದು ಹೀಗೇ, ಥೇಟ್ ಹೀಗೇ. ಬರೋ ಶನಿವಾರ ಸಿಡ್ನಿಯಲ್ಲಿ, ಅಲ್ಲಿನ ಲಿವರ್‌ಪೂಲ್ ಬಡಾವಣೆಯ ನಮ್ಮ ಗ್ರೀಕರ ಮುಂದೆ ಇದನ್ನೇ ಆಡಿ. ಷರತ್ತು ಇನ್ನೊಂದು ಅಂದ್ಕೋ, ಅಲ್ಲಿ ಆಡಿ ಬಂದ ಮೇಲೇ ಹಾಲಿನ ಬೀಗದ ಕೈ ನಿನ್ನದು.”

ಇಂದ್ರೇಶ ಕುಣಿಯುತ್ತ ಪರದೆಯ ಹಿಂದೆ ಓಡಿ ಸುದ್ದಿ ಹೇಳಿದ. ಅಲ್ಲಿ ಚಪ್ಪಾಳೆಗೆ ಇಬ್ಬರು ಪ್ರಧಾನಿಗಳೂ ಬೆಣ್ಣೆಯಂತೆ ಕರಗಿದ್ದರು.

“ಸಿಡ್ನಿಯೊಳಗ ಪೇಟ ನೀವೇ ಹಾಕ್ಕೊಳ್ರೀ ಡಾಕ್ಟ್ರೇ.”

“ಛೆ, ನೀವಿರುವಾಗ ನಾನ್ಯಾಕೆ?”

ಇಂದ್ರೇಶನ ಕುಣಿತ ನಿಂತಿತು. ಜಗಳವಿಲ್ಲದೆ ನಾಟಕವೆಲ್ಲಿ? ಮೆಲ್ಲಗೆ ರುದ್ರಪ್ಪನವರನ್ನು ಮೂಲೆಗೆ ಕರೆದ. “ಸಾರ್, ನಿಮ್ಮ ಆಕ್ಟಿಂಗ್ ಬಗ್ಗೆ ಡಾಕ್ಟ್ರು ಏನಂದ್ರು ಗೊತ್ತಾ?” ಆಮೇಲೆ ಡಾಕ್ಟರನ್ನೂ ಕರೆದು ಅದನ್ನೇ ತಿರುಗಿಸಿ ಹೇಳಿದ.

ಅವನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಹಿಂದೆ ಇಡೀ ಮಂತ್ರಿಮಂಡಲ.

“ಇಬ್ಬರಿಗೂ ಪೇಟ ಕೊಡ್ತೀನಿ ಅಂದೋನೂ ನೀನೇ, ಈಗ ತಂದಿಡ್ತಿರೋನೂ ನೀನೇ,” ಎಂದರು ಡಾಕ್ಟರು. “ನಾವೆಲ್ಲ ಒಂದಾಗಿದ್ದೀವಿ ಕಣಯ್ಯ. ಸಿಡ್ನಿಗೆ ಯಾರೂ ಬರಲ್ಲ.”

“ಸಾರ್, ಹಾಲ್? ಮಕ್ಕಳ ಕ್ಲಾಸು?”

“ಅದಕ್ಕೇನ್ರೀ,” ಎಂದರು ರುದ್ರಪ್ಪ, “ನಿಮ್ಮ ಗ್ಯಾರೇಜ್ ಐತಲ್ಲ.”

ಎಲ್ಲ ಪಕ್ಷದ ಮಂತ್ರಿಗಳೂ ಒಮ್ಮತದಿಂದ ತಲೆಯಾಡಿಸಿದರು.