ನಮ್ಮ ಇಮಾನ ಎಷ್ಟು ಓಡ್ತದ?

ನಾನು ಸುಮ್ಮನಿದ್ದರೂ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಗುಂಡ್ಲುಪೇಟೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನಾನು ರಿಮೋಟಿನ ಥರ್ಮಾಕೋಲ್ ವಿಮಾನ ಹಾರಿಸಲು ಹೊರಟ ಮೇಲಂತೂ ಕೇಳುವುದೇ ಬೇಡ.

ಮೊದಲ ದಿನ ಅದನ್ನು ನೋಡಿದ ಪಕ್ಕದ ಮನೆಯಣ್ಣ, ಬಸ್ ಓಡಿಸಿ ನಿವೃತ್ತರಾದವರು, ಕೇಳಿದ್ದು ಒಂದೇ ಮಾತು: "ಗಂಟೆಗೆ ಎಷ್ಟು ಓಡ್ತದ್ಲಾ?"

"ನೂರು" ಅಂದುಬಿಟ್ಟೆ.

"ಅಳ್ದಿದ್ದೀಯಾ?"

ಅಳೆದಿರಲಿಲ್ಲ. ಬೀದಿಯವರೆಲ್ಲ ಕೇಳಿಸಿಕೊಂಡಿದ್ದರಿಂದ ಮಾತು ವಾಪಸ್ ತೆಗೆದುಕೊಳ್ಳುವ ಹಾಗೂ ಇರಲಿಲ್ಲ.

ಕೆಂಪು ಟವೆಲ್

ಊರಾಚೆ ಈರುಳ್ಳಿ ಕಿತ್ತ ಹೊಲದಲ್ಲಿ ನೂರು ಮೀಟರ್ ಅಂತರಕ್ಕೆ ಎರಡು ಗೂಟ ನೆಟ್ಟೆವು. ವಿಮಾನ ಮೊದಲ ಗೂಟ ದಾಟಿದಾಗ ನನ್ನ ಹೆಂಡತಿ ಸ್ಟಾಪ್‌ವಾಚ್ ಒತ್ತಬೇಕು. ರಸ್ತೆ ಬದಿಯ ಗೂಟ ದಾಟಿದಾಗ ಅಣ್ಣ ಕೆಂಪು ಟವೆಲ್ ಬೀಸಬೇಕು, ಅದನ್ನು ನೋಡಿ ಅವಳು ನಿಲ್ಲಿಸಬೇಕು.

ಅಣ್ಣ ಬೀಸಿದರು. ಕೋಸಿನ ಲಾರಿಯೊಂದು ಬ್ರೇಕ್ ಹಾಕಿ ನಿಂತಿತು. ಅದರ ಹಿಂದೆ ಬಸ್ಸೂ ನಿಂತಿತು. ಕಂಡಕ್ಟರು ತಲೆ ಹೊರಗೆ ಹಾಕಿ, "ಎಷ್ಟು ಜನ? ಬೇಗ ಅತ್ತಿ" ಅಂದರು.

ಎಲ್ಲರನ್ನೂ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ, ಗಲಾಟೆಯಲ್ಲಿ ನಿಲ್ಲಿಸಲು ಮರೆತ ಸ್ಟಾಪ್‌ವಾಚ್ ನಾಲ್ಕು ನಿಮಿಷ ತೋರಿಸುತ್ತಿತ್ತು. ಹೆಂಡತಿ ಅದನ್ನು ನನ್ನ ಕೈಗೆ ಕೊಟ್ಟು, "ನಡ್ಕಂಡೋದ್ರೂ ಇದ್ಕಿಂತ ಬೇಗ ಓಗ್ಬೋದು" ಅಂದಳು.

ಬಾಮೈದನ ಬೈಕು

ಕುದೇರಿನಲ್ಲಿ ಬಾಮೈದನ ಹೊಲದ ಪಕ್ಕ ನೇರವಾದ ರಸ್ತೆಯಿದೆ. ಅವನು ಬೈಕ್ ಓಡಿಸುವುದು, ನಾನು ಹಿಂದೆ ಕೂತು ವಿಮಾನ ಹಾರಿಸುವುದು, ಎರಡೂ ಸಮಕ್ಕೆ ಬಂದಾಗ ಮೀಟರ್ ನೋಡುವುದು ಎಂದು ಮಾತಾಯಿತು.

ಸಮಕ್ಕೆ ಬಂತು. "ಎಷ್ಟು?"

"ನಲವತ್ತು, ಬಾವ!"

ವಿಮಾನಕ್ಕೆ ಇನ್ನಷ್ಟು ಜೋರು ಕೊಟ್ಟೆ. ಅವನೂ ಬೈಕು ಎಳೆದ. ಗಾಳಿಗೆ ನನ್ನ ಕಣ್ಣಲ್ಲಿ ನೀರು ಬಂತು. "ಈಗ?"

"ನಲವತ್ತು, ಬಾವ!"

ವಿಮಾನವನ್ನು ಅರಿಶಿನದ ಹೊಲಕ್ಕೆ ಇಳಿಸಿ, ಬೈಕ್ ನಿಲ್ಲಿಸಲು ಹೇಳಿ ಮೀಟರ್ ನೋಡಿದೆ. ಆಗಲೂ ನಲವತ್ತೇ. "ನನ್ ಮದ್ವೆ ವರ್ಸದಿಂದ ಮುಳ್ಳು ಅಲ್ಲೇ ನಿಂತದ" ಅಂದ.

ಹಾರ್ಮೋನಿಯಂ ಮೇಷ್ಟ್ರು

ಬರುವಾಗಿನ ಸದ್ದಿಗೂ ಹೋಗುವಾಗಿನ ಸದ್ದಿಗೂ ಸ್ವರದಲ್ಲಿ ವ್ಯತ್ಯಾಸ ಇರುತ್ತದೆ, ಅದು ಗೊತ್ತಾದರೆ ವೇಗ ತೆಗೆಯಬಹುದು ಎಂದು ಕಾಲೇಜಿನ ಸೈನ್ಸ್ ಲೆಕ್ಚರರ್ ಒಬ್ಬರು ಹೇಳಿದರು. ಕಿವಿ ಬೇಕಲ್ಲ? ಚಾಮರಾಜನಗರದಿಂದ ಭಜನೆಯ ಹಾರ್ಮೋನಿಯಂ ಮೇಷ್ಟ್ರನ್ನು ಕರೆತಂದೆ.

ವಿಮಾನ ತಲೆಯ ಮೇಲೆ ಹಾದುಹೋಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಬರೋವಾಗ ಪ, ಹೋಗೋವಾಗ ಮ" ಅಂದರು. ಲೆಕ್ಚರರ್ ಕಾಗದದ ಮೇಲೆ ಗುಣಿಸಿ ಭಾಗಿಸಿ, "ಎಪ್ಪತ್ತೆರಡು" ಅಂದರು.

ನನ್ನ ಮುಖ ಸಪ್ಪಗಾಯಿತು. ಮೇಷ್ಟ್ರು ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಕಂಠ ಚೆನ್ನಾಗಿದೆ, ಸಾಧಕ ಸಾಲದು. ದಿನಾ ಬೆಳಿಗ್ಗೆ ಹಾರಿಸಿ."

ಜಿಪಿಎಸ್

ನೂರು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಬರೆದಿಡುವ ಪುಟ್ಟ ಜಿಪಿಎಸ್ ಡಬ್ಬಿಯನ್ನು ವಿಮಾನದ ಹೊಟ್ಟೆಯಲ್ಲಿ ಕೂರಿಸಿ, ರೆಕ್ಕೆಯ ಮೇಲೆ ನನ್ನ ಫೋನ್ ನಂಬರ್ ಬರೆದು ಹಾರಿಸಿದೆ. ಗಾಳಿ ಜೋರಾಗಿತ್ತು. ರಿಮೋಟಿನ ಮಾತು ಕೇಳದೆ ವಿಮಾನ ಹೆದ್ದಾರಿಯ ಕಡೆ ತೇಲಿಹೋಗಿ, ಕೇರಳಕ್ಕೆ ಹೊರಟಿದ್ದ ತರಕಾರಿ ಲಾರಿಯ ಟಾರ್ಪಾಲಿನ ಮೇಲೆ ನಾಜೂಕಾಗಿ ಇಳಿಯಿತು. ನಾವು ಕೂಗಿಕೊಂಡು ಓಡಿದೆವು. ಲಾರಿ ನಿಲ್ಲಲಿಲ್ಲ.

ಎರಡು ಗಂಟೆ ಬಿಟ್ಟು ಗಡಿಯಾಚೆಯ ಸುಲ್ತಾನ್ ಬತ್ತೇರಿಯಿಂದ ಫೋನ್ ಬಂತು. "ಚೇಟ್ಟಾ, ನಿಮ್ಮ ಫ್ಲೈಟ್ ಇಲ್ಲಿ ಲ್ಯಾಂಡ್ ಆಗಿದೆ" ಎಂದು ಡ್ರೈವರ್ ಅರೆಗನ್ನಡದಲ್ಲಿ ಹೇಳಿದ. ಮಾರನೆಯ ದಿನ ಅವನೇ ವಾಪಸ್ ತಂದುಕೊಟ್ಟ.

ಅಣ್ಣ ಕನ್ನಡಕ ಏರಿಸಿ ಡಬ್ಬಿಯ ದಾಖಲೆಯನ್ನು ಮೊದಲಿಂದ ಕೊನೆತನಕ ನೋಡಿದರು. "ಕಾಡಂಚ್ನ ಮದ್ದೂರು ಚೆಕ್‌ಪೋಸ್ಟಲ್ಲಿ ನಿಂತದ. ಕಾಡೊಳಗೆ ರೋಡ್ ಅಂಪ್ ಬಂದ ಕಡೆಯೆಲ್ಲ ಸ್ಲೋ ಮಾಡ್ಯದ. ಗಡಿ ದಾಟುದ್ಮೇಲೆ ಇಪ್ಪತ್ತು ನಿಮಿಷ ಟೀಗೆ ನಿಂತದ."

ಅಣ್ಣ ಕನ್ನಡಕ ತೆಗೆದು ವಿಮಾನದ ಬೆನ್ನು ತಟ್ಟಿದರು. "ಸ್ಪೀಡಿನ ಮಾತು ಬುಡ್ಲಾ. ಮೊದ್ಲು ಇದ್ಕೊಂದು ಲಾರಿ ಓಡ್ಸೋ ಎವಿ ಲೈಸೆನ್ಸ್ ಮಾಡ್ಸ್ಬುಡು."