ಹಾರುವ ಹೀರೋ ಮತ್ತು ಹುಲ್ಲಿನ ಚೀಲ

೧೯೯೭ರಲ್ಲಿ, ಒಂಬತ್ತನೆಯ ಇಯತ್ತೆಯ ದಸರೆ ರಜೆ ಮುಗಿದ ಮೇಲೆ ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಸಿನಿಮಾ ನಟರ ಬಗ್ಗೆ ತೀರ್ಪು ಕೊಡುವುದನ್ನು ಕಂಡು ಈತ ಯಾವುದೋ ಕಾಲೇಜಿನ ಪ್ರೊಫೆಸರ್ ಇರಬೇಕು ಎಂದು ನೀವು ತಿಳಿದುಕೊಂಡರೆ ಆ ತಪ್ಪು ನನ್ನ ಮೇಲೆ ಬರುತ್ತದೆ. ರಬಕವಿಯಲ್ಲಿ ಪವರ್‌ಲೂಮ್ ನಡೆಸುವವನು ನಾನು. ಮೊದಲು ಮತ್ತೊಬ್ಬರ ಮಗ್ಗದ ಮೇಲೆ ದುಡಿದೆ, ಆಮೇಲೆ ನನ್ನವೇ ಎರಡು ಹಾಕಿದೆ, ಆಮೇಲೆ ನಾಲ್ಕಾದವು. ನನ್ನ ಜೊತೆ ಬೆಂಚಿನಲ್ಲಿ ಕೂತು ಮುಂದೆ ಡಿಗ್ರಿ ಮುಗಿಸಿದವರು ಇವತ್ತಿಗೂ ನಮ್ಮ ಮನೆಗೆ ಬಂದು, ಚಹಾ ಕುಡಿದು, ದೇಶದ ಪರಿಸ್ಥಿತಿ ವಿವರಿಸಿ ಹೋಗುತ್ತಾರೆ. ನಾನು ಅರ್ಧ ಕಿವಿಯನ್ನು ಅವರಿಗೆ ಕೊಡುತ್ತೇನೆ, ಇನ್ನರ್ಧ ಮಗ್ಗದ ಸದ್ದಿನ ಮೇಲಿರುತ್ತದೆ.

ನನಗಿರುವ ಚಟ ಒಂದೇ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. ಆಕಾಶದಲ್ಲಿ ಹಾರುವ, ಒಂದೇ ಕೈಯಲ್ಲಿ ರೈಲು ನಿಲ್ಲಿಸುವ, ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಳ್ಳುವ ಹೀರೋಗಳ ಸಿನಿಮಾ ಬಂದರೆ ನಾನು ಬಿಡುವುದಿಲ್ಲ. ಟಾಕೀಸಿನಲ್ಲಾಗಲಿ, ಟಿ.ವಿ.ಯಲ್ಲಾಗಲಿ, ಯಾವ ಭಾಷೆಯದ್ದಾಗಲಿ. ಆದರೆ ಅದರಲ್ಲಿ ನಾನು ಹೀರೋನನ್ನು ನೋಡುವುದಿಲ್ಲ. ಅವನು ಹಾರುತ್ತಾನೆ, ಹಾರಲಿ. ಅದಕ್ಕೇ ಅವನನ್ನು ಕರೆಸಿದ್ದಾರೆ. ನನ್ನ ಕಣ್ಣು ಇರುವುದು ಕೆಳಗೆ ನಿಂತು ಅವನತ್ತ ಬೆರಳು ಮಾಡುವ ಮನುಷ್ಯನ ಮೇಲೆ. ಕಾರು ಪಲ್ಟಿಯಾದಾಗ ಓಡುವ ಬಾಳೆಹಣ್ಣಿನವಳು, "ಯಾರು ನೀನು?" ಎಂದು ಕೇಳಿ ಸಾಯುವ ಪೊಲೀಸಪ್ಪ, ಬ್ಯಾಂಕು ಲೂಟಿಯಾಗುವಾಗ ಮೇಜಿನ ಕೆಳಗೆ ಕೂತ ಕ್ಲರ್ಕು, ಇವರೇ ನನ್ನ ವಿದ್ಯಾರ್ಥಿಗಳು. ಇವರನ್ನು ನಾನು ಪಾಸು ನಪಾಸು ಮಾಡುತ್ತೇನೆ. ಮನುಷ್ಯ ಆಕಾಶದಲ್ಲಿ ಹಾರಿದರೆ ನಂಬುತ್ತೇನೆ. ಕೆಳಗಿನವನು ಖಾಲಿ ಕಪ್ಪು ಎತ್ತಿ ಚಹಾ ಕುಡಿದಂತೆ ಮಾಡಿದರೆ ಮಾತ್ರ ಆ ಸಿನಿಮಾದ ಮೇಲೆ ನನಗಿದ್ದ ವಿಶ್ವಾಸವೇ ಹೋಗುತ್ತದೆ.

ಇದು ಮಗ್ಗದಿಂದ ಬಂದ ರೋಗ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ನಾವು ಸೀರೆಯ ನಡುವಿನ ಹೂವು ನೋಡುತ್ತ ನಿಲ್ಲುವುದಿಲ್ಲ. ಹೂವು ತನ್ನಷ್ಟಕ್ಕೆ ಬೀಳುತ್ತದೆ. ನಾವು ನೋಡುವುದು ದಡಿಯ ಹತ್ತಿರ ಎಲ್ಲಿ ಎಳೆ ಕಡಿದಿದೆ ಎಂದು. ವರ್ಷಗಟ್ಟಲೆ ಹೀಗೆ ಅಂಚನ್ನೇ ನೋಡಿದ ಕಣ್ಣಿಗೆ ಪರದೆಯ ನಡುವೆ ನಿಂತ ಹೀರೋ ಕಾಣುವುದು ಕಷ್ಟ.

ಇನ್ನೊಂದು ವಿದ್ಯೆಯೂ ಮಗ್ಗದ್ದೇ. ಶೆಡ್ಡಿನೊಳಗಿನ ಖಟಪಟದಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ನಾವು ಕೂಗುವುದೇ ಇಲ್ಲ. ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನನ್ನ ಹೆಂಡತಿ ಶೋಭಾ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಯವರೆಲ್ಲ ಮೂಕರೇ ಎಂದು ಗಾಬರಿಯಾಗಿದ್ದಳು. ಈಗ ಅವಳು ನನ್ನೊಂದಿಗೆ ಒಂದು ಪೂರ್ತಿ ಜಗಳವನ್ನು ಸದ್ದಿಲ್ಲದೆ ಮುಗಿಸಬಲ್ಲಳು. ಈ ವಿದ್ಯೆಯಿಂದ ಸಿನಿಮಾದಲ್ಲಿ ಆಗುವ ಅನಾಹುತ ನೋಡಿ. ಕನ್ನಡ ಸಿನಿಮಾದಲ್ಲಿ ರಾಕ್ಷಸನನ್ನು ಕಂಡು ಓಡುವ ಗುಂಪಿನಿಂದ "ಕಾಪಾಡಿ! ಕಾಪಾಡಿ!" ಎಂಬ ಕೂಗು ಕೇಳಿಬರುತ್ತದೆ. ಆದರೆ ಎರಡನೆಯ ಸಾಲಿನ ಹೆಂಗಸಿನ ತುಟಿ "ನನ್ನ ಚಪ್ಲಿ ತುಳಿದ್ಯಲ್ಲೋ" ಅನ್ನುತ್ತಿರುತ್ತದೆ. ಅವಳ ಹಿಂದಿನವನು ಊಟಕ್ಕೆ ಯಾವಾಗ ಬಿಡುತ್ತಾರೆಂದು ಕೇಳುತ್ತಿರುತ್ತಾನೆ. ಇದೆಲ್ಲ ನನಗೊಬ್ಬನಿಗೇ ಗೊತ್ತಾಗಿ ಸುಮ್ಮನೆ ಕೂರುವುದಾದರೂ ಹೇಗೆ? ಹೇಳುತ್ತೇನೆ. ಹೇಳಿ ಹೇಳಿ ಮನೆಯಲ್ಲಿ ನನ್ನ ಪಕ್ಕ ಯಾರೂ ಕೂರದ ಹಾಗಾಯಿತು.

"ಎಲ್ಲಾರೂ ಹೀರೋನ ನೋಡಿದ್ರ ನೀವು ಹಿಂದಿನ ಚಾ ಮಾರಾವನ್ನ ನೋಡತೀರಿ. ನಿಮ್ಮ ಜೋಡಿ ಸಿನಿಮಾ ನೋಡೂದಕ್ಕಿಂತ ಕುಂತ ನೂಲ ಸುತ್ತೂದು ಛಲೋ," ಎಂದು ಶೋಭಾ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ನನ್ನ ತಂಗಿ ಸವಿತಾಗೆ ಬೀಳಗಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್. ಪವರ್‌ಲೂಮಿನವರ ಮನೆಗೆ ಲೈನ್‌ಮನ್ ಅಳಿಯ ಬರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಓಣಿಯವರು ನಮ್ಮಪ್ಪನಿಗೆ ಆಗಲೇ ಎರಡು ಸಲ ನಮಸ್ಕಾರ ಮಾಡತೊಡಗಿದ್ದರು. ಅದಕ್ಕಿಂತ ಮುಖ್ಯವಾಗಿ ಸವಿತಾ ಹುಡುಗನನ್ನು ಒಪ್ಪಿದ್ದಳು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನು ಬಂದುಹೋದ ದಿನ ಮಗ್ಗದ ಹಿಂದೆ ನಿಂತು ಅವನ ಹೆಸರನ್ನು ತುಟಿಯಲ್ಲೇ ಅಂದು ನೋಡುತ್ತಿದ್ದಳು. ನನಗೆ ಕಂಡಿತು. ಕಾಣಲಿಲ್ಲ ಎಂಬಂತೆ ಲಾಳಿ ಬದಲಿಸಿದೆ.

ಎಲ್ಲ ಸರಿಯಿತ್ತು. ಹುಡುಗನ ತಂದೆ ಶಿವಲಿಂಗಪ್ಪನವರು ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ದೊಂದೇ ತೊಡಕಾಯಿತು. ಯಾವನೋ ಟೊಪಗಿಯ ಡೈರೆಕ್ಟರ್ ಹಾರುವ ಹೀರೋನನ್ನು ಕರೆದುಕೊಂಡು ನಮ್ಮ ಸೀಮೆಯ ಅಣೆಕಟ್ಟಿನ ಕಡೆ ಶೂಟಿಂಗಿಗೆ ಬಂದಿದ್ದ. ಅಣೆಕಟ್ಟು ಒಡೆಯುವಂತೆ, ಹಳ್ಳಿಯವರು ಗಂಟುಮೂಟೆ ಹೊತ್ತು ಓಡುವಂತೆ, ಹೀರೋ ಬಂದು ಎರಡೂ ಕೈಯಿಂದ ನೀರು ತಡೆಯುವಂತೆ. ಓಡುವ ಹಳ್ಳಿಯವರಲ್ಲಿ ಶಿವಲಿಂಗಪ್ಪನವರೂ ಒಬ್ಬರು, ಮತ್ತು ಅವರೊಬ್ಬರಿಗೇ ಡೈಲಾಗು. ಸಿನಿಮಾ ಜಮಖಂಡಿಗೆ ಬಂದಾಗ ಅವರು ಹೇಳಿಕಳಿಸಿದರು: ಎರಡೂ ಮನೆಯವರು ಕೂಡಿ ನೋಡೋಣ, ಆಮೇಲೆ ಅಲ್ಲೇ ಹೋಟೆಲಿನಲ್ಲಿ ಕೂತು ಮದುವೆಯ ಮಾತು ಮುಗಿಸೋಣ.

ನಮ್ಮ ಮನೆಯಲ್ಲಿ ಸೂತಕದ ಕಳೆ ಬಂತು. ಸವಿತಾ ನನ್ನ ಎದುರು ಬಂದು ನಿಂತಳು.

"ಅಣ್ಣಾ, ಒಂದ ದಿನ. ಒಂದ ದಿನ ಹೀರೋನ ನೋಡು. ನಿನ್ನ ಕಾಲ ಬೀಳತೀನಿ."

"ನಾ ಏನ ಅಂತೀನವ್ವ? ನಾ ಏನೂ ಅನ್ನಾಂಗಿಲ್ಲ."

"ಹೋದ ವರ್ಷ ಆ ಮುಧೋಳದವ್ರ ಮದುವಿ ಸೀಡಿ ನೋಡಿ, ನಿಮ್ಮ ಸ್ವಾದರಮಾವ ಕ್ಯಾಮೆರಾ ಕಂಡ ಕೂಡ್ಲೆ ಊಟಾ ಮಾಡಿದಾಂಗ ಮಾಡ್ಯಾನ, ತುತ್ತ ಬಾಯಿಗೆ ಹೋಗಿಲ್ಲ ಅಂದಾವ ಯಾರು? ಆ ಸಂಬಂಧ ಹೋತಿಲ್ಲೋ?"

"ಹೋಗಿರ್ಲಿಲ್ಲಲ್ಲವ್ವ ತುತ್ತು," ಎಂದೆ. ಶೋಭಾ ಅಡುಗೆಮನೆಯಿಂದಲೇ ಹಣೆ ಹಣೆ ಬಡಿದುಕೊಂಡಳು.

ಟೆಂಪೋ ಮಾಡಿಕೊಂಡು ಜಮಖಂಡಿಗೆ ಹೋದೆವು. ಟಾಕೀಸಿನಲ್ಲಿ ಅವರ ಕಡೆಯವರೇ ಮೂರು ಸಾಲು. ನಮ್ಮಪ್ಪ ಟೈಟಲ್ ಮುಗಿಯುವ ಮೊದಲೇ ನಿದ್ದೆ ಹೋದ. ನಾನು ದೇವರಾಣೆ ಹೀರೋನನ್ನೇ ನೋಡಿದೆ. ಒಂದು ತಾಸು ನೋಡಿದೆ. ಕಣ್ಣು ಉರಿಯಿತು. ಆಮೇಲೆ ಅಣೆಕಟ್ಟು ಬಂತು, ಗೋಡೆ ಬಿರುಕುಬಿಟ್ಟಿತು, ಮೂರು ಸಾಲಿನವರೂ ಎದ್ದು ನಿಂತರು. ಅಗೋ ಶಿವಲಿಂಗಪ್ಪನವರು! ಹೆಗಲ ಮೇಲೆ ದೊಡ್ಡ ಚೀಲ, ತಲೆಗೆ ರುಮಾಲು. ಜಿಂಕೆಯ ಹಾಗೆ ಓಡಿಬಂದು, ಕ್ಯಾಮೆರಾದ ಮುಂದೆ ನಿಂತು, "ಓಡಿ! ಅಣೆಕಟ್ಟು ಒಡೆಯುತ್ತಿದೆ! ನಮ್ಮನ್ನು ಕಾಪಾಡುವವರು ಯಾರೂ ಇಲ್ಲವೇ!" ಎಂದರು. ದನಿ ಅವರದಲ್ಲ. ಮೈಸೂರು ಕಡೆಯ ಯಾವನೋ ತೆಳ್ಳಗಿನ ಮನುಷ್ಯನದು. ಸೀಟಿ, ಚಪ್ಪಾಳೆ. ಯಾರೋ "ಒನ್ಸ್ ಮೋರ್" ಅಂದರು. ನಾನು ಮಾತ್ರ ಕುರ್ಚಿಯಲ್ಲಿ ಕುಸಿದೆ. ಅವರ ತುಟಿ ಅಂದದ್ದೇ ಬೇರೆ. ಅಚ್ಚ ಬೀಳಗಿ ಮಾತಿನಲ್ಲಿ ಆ ತುಟಿ ಅಂದದ್ದು ಇಷ್ಟು: "ಏ ಟೊಪಗಿ ಸಾಹೇಬಾ, ಚೀಲದಾಗ ಹುಲ್ಲ ತುಂಬಿ ಕೊಟ್ಟೀಯಲ್ಲೋ, ಭಾರ ಇಲ್ದ ಹ್ಯಾಂಗ ಬಾಗಲೋ!"

ಹೋಟೆಲಿನಲ್ಲಿ ಉದ್ದ ಮೇಜಿಗೆ ಎಲ್ಲರೂ ಕೂತೆವು. ಗಂಡಸರು ಈ ತುದಿ, ಹೆಂಗಸರು ಆ ತುದಿ. ಎಲ್ಲರೂ ಶಿವಲಿಂಗಪ್ಪನವರನ್ನು ಹೊಗಳಿದರು. ಒಬ್ಬರು ಹೀರೋಗಿಂತ ನೀವೇ ಛಲೋ ಎಂದರು, ಮತ್ತೊಬ್ಬರು ಮುಂದಿನ ಸಿನಿಮಾದಲ್ಲಿ ನಿಮಗೆ ಹಾರುವ ಪಾತ್ರವೇ ಗ್ಯಾರಂಟಿ ಎಂದರು. ಶಿವಲಿಂಗಪ್ಪನವರು ಮಾತ್ರ ನಗಲಿಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು, ನನ್ನತ್ತ ತಿರುಗಿದರು.

"ನೀವೇನೂ ಅನ್ನಲಿಲ್ಲಲ್ರಿ? ಸಿನಿಮಾದ ಬಗ್ಗೆ ನಿಮ್ಮಷ್ಟ ತಿಳಿದವ್ರು ಇಲ್ಲಂತ ಕೇಳೀನಿ. ಹ್ಯಾಂಗ ಮಾಡೀನಿ?"

ಮೇಜಿನ ಆ ತುದಿಯಿಂದ ಸವಿತಾಳ ತುಟಿ ಆಡಿತು: "ಛಲೋ ಮಾಡೀರಿ ಅನ್ನು." ನಾನು ತಲೆಯಾಡಿಸಿದೆ. ಬಾಯಿ ತೆರೆದೆ. ಹದಿನಾಲ್ಕು ವರ್ಷದಲ್ಲಿ ಎಳೆ ಕಡಿದ ಸೀರೆಯನ್ನು ಸರಿಯಿದೆ ಎಂದು ಒಮ್ಮೆಯೂ ಮಡಿಸಿ ಕೊಟ್ಟವನಲ್ಲ ನಾನು.

"ಚೀಲದಾಗ ಹುಲ್ಲ ಇತ್ತ್ರಿ," ಎಂದೆ.

ಬಸಿ ಅವರ ತುಟಿಯ ಹತ್ತಿರವೇ ನಿಂತಿತು. "ಯಾರ ಹೇಳಿದ್ರು?"

"ನೀವ ಹೇಳಿದ್ರಿ. ಪಡದೆ ಮ್ಯಾಲೆ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಟೊಪಗಿ ಸಾಹೇಬನಿಗೆ ಅವರು ಅಂದದ್ದನ್ನು ಒಂದಕ್ಷರ ಬಿಡದೆ ಅಂದುತೋರಿಸಿದೆ.

ಮೇಜಿಗೆ ಕೂತೂ ತೂಕಡಿಸುತ್ತಿದ್ದ ನಮ್ಮಪ್ಪ ಎಚ್ಚರಾಗಿ, "ಹಂಗಾರ ಮದುವಿ ಯಾವಾಗ?" ಎಂದ. ಶಿವಲಿಂಗಪ್ಪನವರು ಬಸಿ ಕೆಳಗಿಟ್ಟು, "ಬರತೇವ್ರಿ," ಎಂದಷ್ಟೇ ಹೇಳಿ ಎದ್ದರು. ಅವರ ಹಿಂದೆ ಮೂರು ಸಾಲಿನವರೂ ಎದ್ದರು.

ರಬಕವಿಗೆ ಮರಳುವಾಗ ಟೆಂಪೋದಲ್ಲಿ ಸವಿತಾ ಎದುರಿನ ಸೀಟಿನಿಂದ ತುಟಿಯಲ್ಲೇ "ಕತ್ತಿ" ಎಂದಳು. ಕತ್ತೆ ಎಂದು ಅರ್ಥ. ಮರುದಿನ ಮಗ್ಗದ ಹಿಂದಿನಿಂದಲೂ ಅದನ್ನೇ ಎಂದಳು. ಮೂರನೆಯ ದಿನ ಅದನ್ನೂ ಅನ್ನಲಿಲ್ಲ. ಅವಳ ಕಣ್ಣು ಊದಿತ್ತು. ನಾನು ನಾಲ್ಕು ಮಗ್ಗ ಬಂದ್ ಮಾಡಿ ಬೀಳಗಿಗೆ ಹೋಗಿ ಕಾಲು ಹಿಡಿಯಬೇಕೆಂದು ಅಂಗಿ ಹಾಕಿಕೊಳ್ಳುತ್ತಿದ್ದೆ. ಹೇಗೆ ಕ್ಷಮೆ ಕೇಳಬೇಕೆಂದು ಕನ್ನಡಿಯ ಮುಂದೆ ಒಮ್ಮೆ ಮಾಡಿನೋಡಿದೆ. ನಂಬುವ ಹಾಗಿರಲಿಲ್ಲ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಟಂಟಂ ಗಾಡಿ ನಿಂತಿತು. ಶಿವಲಿಂಗಪ್ಪನವರು ಇಳಿದರು. ನಾನು ಹೊರಗೆ ಓಡಿದೆ. "ಅಲ್ಲೇ ನಿಲ್ರಿ!" ಎಂದು ಗದರಿಸಿದರು. ಗಾಡಿಯವನು ಒಂದು ಚೀಲ ಎತ್ತಿ ಅವರ ಬೆನ್ನಿಗೆ ಕೊಟ್ಟ. ಜೋಳದ ಚೀಲ, ಅರ್ಧ ಕ್ವಿಂಟಲಿಗೆ ಕಡಿಮೆ ಇಲ್ಲ. ಐವತ್ತೈದು ದಾಟಿದ ಮನುಷ್ಯ ಅದನ್ನು ಹೊತ್ತು ನಮ್ಮ ಮನೆಯ ಕಡೆ ನಡೆದು ಬಂದರು. ಓಡಿ ಅಲ್ಲ, ನಡೆದು. ಮೊಣಕಾಲು ತುಸು ಬಾಗಿತ್ತು, ಹೆಜ್ಜೆ ಗಿಡ್ಡ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಕಣ್ಣು ನೆಲದ ಮೇಲೆ. ಎರಡೂ ಬದಿಯ ಶೆಡ್ಡುಗಳಿಂದ ಜನ ಹೊರಬಂದರು. ಶಿವಲಿಂಗಪ್ಪನವರು ಯಾರನ್ನೂ ನೋಡಲಿಲ್ಲ, ಬಾಯಿ ಬಿಡಲಿಲ್ಲ. ಭಾರ ಹೊತ್ತವನಿಗೆ ಡೈಲಾಗು ಇರುವುದಿಲ್ಲ ಎಂದು ಇಷ್ಟು ವರ್ಷ ಸಿನಿಮಾ ನೋಡಿದರೂ ನನಗೆ ಹೊಳೆದಿರಲಿಲ್ಲ.

ಕಟ್ಟೆಯ ಮೇಲೆ ಚೀಲ ಇಳಿಸಿ, ಸೊಂಟ ಹಿಡಿದು ನಿಂತು, ಉಸಿರು ಸುಧಾರಿಸಿಕೊಂಡು ಕೇಳಿದರು: "ಈಗ ಹೇಳ್ರಿ. ಹ್ಯಾಂಗಾತು?"

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಒನ್ಸ್ ಮೋರ್."

"ಏ ತಮ್ಮಾ, ಸೊಂಟ ಬಿಟ್ಟ ಹೋಗತೈತಿ ನನ್ನದು!" ಎಂದು ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕರು. ಸವಿತಾ ನೀರು ತಂದಳು. ಕುಡಿದು ಹೇಳಿದರು: "ಡ್ಯಾಮಿನ ಹಿನ್ನೀರ ಊರಿಗೆ ಬಂದಾಗ ಹಳೇ ಊರಿಂದ ಎಲ್ಲಾ ಚೀಲ ಬೆನ್ನ ಮ್ಯಾಲೆ ಹೊಸ ಊರಿಗೆ ತಂದಾವ ನಾ. ಆವತ್ತ ಯಾರೂ ಓಡಲಿಲ್ಲ ತಮ್ಮಾ. ಚೀಲ ಹೊತ್ತಾವ ಓಡೂದಿಲ್ಲ. ಆ ಡೈರೆಕ್ಟರಗ ಎಷ್ಟ ಬಡಕೊಂಡೆ, ಜ್ವಾಳಾ ತುಂಬ್ರಿ, ನಾ ನಡದ ತೋರಸತೀನಿ ಅಂತ. ಕೇಳಲಿಲ್ಲ. ಊರ ಮಂದಿ ಎಲ್ಲಾ ಹೊಗಳಾಕತ್ತಿದ್ರು, ನನಗ ಒಳಗ ಮುಳ್ಳ ಚುಚ್ಚಿದಾಂಗ ಆಗತಿತ್ತು. ನೀವ ಒಬ್ಬವ್ರು ನೋಡಿ ಹಿಡದ್ರಿ. ಆವತ್ತ ಸಿಟ್ಟ ಬಂದದ್ದು ಖರೆ. ಮೂರ ದಿನಾ ನಿದ್ದಿ ಮಾಡಿಲ್ಲ." ಆಮೇಲೆ ಸವಿತಾಳ ಕಡೆ ನೋಡಿ, "ಏನವ್ವಾ, ಇಂಥಾ ಅಣ್ಣನ್ನ ಹ್ಯಾಂಗ ತಡಕೊಂಡಿ ಇಷ್ಟ ದಿನ?" ಎಂದರು. ಅವಳು ಮಾವನ ಮುಂದೆ ಮೊದಲ ಸಲ ಗಟ್ಟಿಯಾಗಿ ನಕ್ಕಳು. ಆ ಜೋಳದ ರೊಟ್ಟಿಯನ್ನೇ ಮದುವೆಯಲ್ಲಿ ಬಡಿಸಿದೆವು.

ಮದುವೆಯಲ್ಲಿ ಹೆಣ್ಣಿನ ಅಣ್ಣನದು ಸಣ್ಣ ಪಾತ್ರ. ಹೀರೋ ಮದುಮಗ. ಅಣ್ಣನಾದವನು ಹಿಂದೆ ಮುಂದೆ ಓಡಾಡಬೇಕು, ಬಂದವರನ್ನು ಕೂರಿಸಬೇಕು, ಊಟ ಆತೇನ್ರಿ ಎಂದು ಕೇಳಬೇಕು. ಅಷ್ಟನ್ನು ನಾನು ತೂಕ ತಪ್ಪದೆ ಮಾಡಿದೆ ಎಂದೇ ಈಗಲೂ ನನ್ನ ನಂಬಿಕೆ. ಆದರೆ ಸವಿತಾ ಗಾಡಿ ಹತ್ತುವ ಹೊತ್ತಿಗೆ ಏನಾಯಿತೋ ಗೊತ್ತಿಲ್ಲ. ಕಂಬ ಹಿಡಿದು ಹೋ ಎಂದು ಅತ್ತೆ. ಬ್ಯಾಂಡಿನವರು ಬಾರಿಸುವುದು ನಿಲ್ಲಿಸಿದರು. ವಿಡಿಯೋದವನು ಮದುಮಕ್ಕಳನ್ನು ಬಿಟ್ಟು ನನ್ನ ಕಡೆ ತಿರುಗಿದ. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ಬೀಗರು ನನ್ನ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು:

"ತಮ್ಮಾ, ಅಳು ಖರೇನ ಐತಿ. ಆದ್ರ ಒಂಚೂರ ಜಾಸ್ತಿ ಆತು ನೋಡ್ರಿ."

ಆ ಸೀಡಿಯನ್ನು ಆಮೇಲೆ ಹತ್ತು ಸಲ ನೋಡಿದ್ದೇನೆ. ಅವರು ಹೇಳಿದ್ದು ಸರಿ.

ಈಗ ನನ್ನಲ್ಲಿರುವುದು ಎಂಟು ಮಗ್ಗ, ಇಬ್ಬರು ಮಕ್ಕಳು, ಒಂದು ಟಿ.ವಿ., ಒಂದು ಹಳೆಯ ಮೋಟಾರ್ ಸೈಕಲ್, ಬೀಳಗಿಯಲ್ಲಿ ಒಬ್ಬ ತಂಗಿ, ಕರೆಂಟು ಹೋದಾಗ ಫೋನೆತ್ತದ ಒಬ್ಬ ಲೈನ್‌ಮನ್, ಮತ್ತು ಹಾರುವ ಹೀರೋನ ಸಿನಿಮಾ ಬಂದರೆ ಬಸ್ಸು ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂರುವ ಒಬ್ಬರು ಬೀಗರು.