ಅರ್ಧಾ ಕಂಬದ ಮ್ಯಾಲಿನ ವಜ್ಜಾ

ಬೆಳಗಾವಿ ಸದಾಶಿವನಗರದಾಗ ನಾ ಇರೂ ಗಲ್ಲಿಯೊಳಗ ಏನಾರ ಒಂದು ನಡೀಲಾರದ ವಾರ ಹೋಗೂದಿಲ್ಲ. ಕಿಟಕಿಯೊಳಗ ಕುಂದರೂ ಚಟಾ ನನಗಿಲ್ಲ. ಆದ್ರ ನನ್ನ ಕಿಟಕಿ ಇರೂದ ಎದುರಿನ ಮನಿ ಕಡೆ, ಅದಕ್ಕ ನಾ ಏನ ಮಾಡಲಿ? ಆ ಮನ್ಯಾಗ ಅಣ್ಣತಮ್ಮರಿಬ್ಬರು. ದೊಡ್ಡಾಂವಂದು ಕಚೇರಿ ನೌಕರಿ, ಸಣ್ಣಾಂವಂದು ಅರಬಿ-ಬಟ್ಟಿ ಅಂಗಡಿ.

೧. ವಾಟ್ನಿ

ಇಬ್ಬರೂ ಬ್ಯಾರೆ ಆಗಿ ಮನಿ ವಾಟ್ನಿ, ಅಂದ್ರ ಪಾಲ, ಮಾಡಿಕೊಂಡಾಗ ಟೇಪ್ ಹಿಡದು ಅಳದ್ರು. ಗೆರಿ ಸೀದಾ ಹೋಗಿ ಪಡಸಾಲಿ ನಡುವಿನ ಕಂಬಕ್ಕ ಬಡೀತು. ಕಂಬ ಯಾರದು ಅಂತ ಒಂದ ದಿನ ಪೂರಾ ವಾದ ನಡೀತು. ಇಬ್ಬರದೂ ಇರಲಿ ಬಿಡ್ರಪಾ ಅಂತ ಹಿರಿಯರು ಅಂದ್ರು. ಆ ಮಾತು ಇಬ್ಬರಿಗೂ ಸೇರಲಿಲ್ಲ. ಕಡೀಕ ಕಂಬದ ನಟ್ಟನಡುವ ಗೆರಿ ಎಳದು, ಅದರ ಎರಡೂ ಬಾಜೂ ಗ್ವಾಡಿತನಕ ಪ್ಲೈವುಡ್ ಹೊಡದ್ರು. ದೊಡ್ಡಾಂವ ತನ್ನ ಅರ್ಧಕ್ಕ ಹಳದಿ ಬಳದ, ಸಣ್ಣಾಂವ ತನ್ನ ಅರ್ಧಕ್ಕ ಹಸರ ಬಳದ. ಆಮ್ಯಾಲ ಅತ್ತಾಗಿಂದ ಇತ್ತಾಗ ಹೋಗಿಬರೂದು ಒಂದ ಹಲ್ಲಿ ಮಾತ್ರ. ಅದಕ್ಕ ವಾಟ್ನಿ ಪತ್ರ ಓದಿ ಹೇಳಾವರು ಯಾರೂ ಸಿಗಲಿಲ್ಲ.

೨. ಬೀಮು

ದೊಡ್ಡಾಂವಗ ಮಗಳ ಲಗ್ನದ ಚಿಂತಿ. ಹಂಚಿನ ಮನಿ ನೋಡಿ ಬೀಗರು ಮೂಗ ಮುರೀತಾರಂತ ತನ್ನ ಪಾಲಿನ ಹಂಚ ತಗದು ಸ್ಲ್ಯಾಬ್ ಹಾಕಿ, ಮ್ಯಾಲ ಒಂದ ಖೋಲಿ ಏರಿಸಾಕ ನಿಂತ. ನನ್ನ ಅರ್ಧಾ ಕಂಬಕ್ಕ ನಿನ್ನ ಬೀಮ್ ಹತ್ತಕೂಡದು ಅಂತ ಸಣ್ಣಾಂವ ಹಟಾ ಹಿಡದ. ಹತ್ತೂದ ಬ್ಯಾಡ, ನನ್ನ ಅರ್ಧಾನ ನನಗ ಸಾಕು ಅಂದ ಅಣ್ಣ.

ಮನಿ ಕಟ್ಟೂ ಗೌಂಡಿ ಜಾಂಬೋಟಿ ಕಡೆಯಾಂವ. ಆ ಬಡವ ಕೈ ಮುಗದು ಹೇಳಿದ: "ಮಾಲಕ, ಕೊಡಾ ತಲಿಮ್ಯಾಲ ಇಟ್ರ ಹೆಂಗಸು ನೆಟ್ಟಗ ನಡೀತಾಳ. ಟೊಂಕದಾಗ ಇಟ್ರ ಒಂದ ಕಡೆ ವಾಲತಾಳ. ಕಂಬಾನೂ ಹಂಗ. ವಜ್ಜಾ ನಡುವ ಬರಬೇಕು."

ಕಂಬಕ್ಕ ಟೊಂಕ ಎಲ್ಲೈತಿ ಅಂತ ದೊಡ್ಡಾಂವ ನಕ್ಕ. ಬೀಮ್ ಅರ್ಧದ ಮ್ಯಾಲ ಕುಂತಿತು, ಖೋಲಿ ಎದ್ದಿತು, ಖೋಲಿ ಮ್ಯಾಲ ನೀರಿನ ಟಾಕೀನೂ ಬಂತು. ಮಳಿಗಾಲ ಮುಗಿಯೂದ್ರಾಗ ಕಂಬ ಸಣ್ಣಾವನ ಕಡೆ ಹೊಟ್ಟಿ ಬಿಟ್ಟು, ಹಸರ ಬಣ್ಣದಾಗ ಅಡ್ಡಡ್ಡ ಬಿರುಕ ಮೂಡಿದ್ವು. ಹಳದಿ ಕಡೆ ಒಂದ ಗೀರೂ ಇಲ್ಲ. ಸಣ್ಣಾವನ ಹೇಣ್ತಿ ನನ್ನ ಕಟ್ಟಿಗೆ ಬಂದು ಕುಂತು, ವಜ್ಜಾ ಅವರದು, ಬ್ಯಾನಿ ನಮಗ ನೋಡ್ರಿ ಆಯಿ ಅಂತ ಅತ್ತಳು. ದೊಡ್ಡಾವಗ ಹೇಳಿದ್ರ, ಬಿರುಕ ಹಸರದಾಗ ಬಿದ್ದಾವು, ಹಸರದವ್ರು ರಿಪೇರಿ ಮಾಡಿಸ್ಕೊಳ್ಳಿ ಅಂದ.

೩. ಪೈಪು

ಕಂಬದ ಹೊಟ್ಟಿ ಒತ್ತಿ ಹಿಡಿಯಾಕ ಸಣ್ಣಾಂವ ಒಂದ ಉದ್ದಾನ ಕಬ್ಬಿಣದ ಪೈಪ್ ತಂದ. ತನ್ನ ಕಡೆ ಗ್ವಾಡಿಗೆ ಒಂದ ತುದಿ, ಕಂಬಕ್ಕ ಒಂದ ತುದಿ ಕೊಟ್ಟು, ಬೆಣಿ ಬಡದು ಬಿಗಿ ಮಾಡಿದ. ಎದಿ ಮಟ್ಟಕ್ಕ ಅಡ್ಡ ಪೈಪು; ಮನಿಮಂದಿ ಅಡಗಿ ಮನಿಗೆ ಹೋಗಬೇಕಾದ್ರ ಬಗ್ಗಿ ನಮಸ್ಕಾರ ಮಾಡಿ ಹೋಗಬೇಕು. ಅವನ ಹೇಣ್ತಿ ಜಾಣಿ, ಅದರ ಮ್ಯಾಲ ಹಸಿ ಅರಬಿ ಒಣಹಾಕಿದಳು. ಎಂಟ ದಿನದಾಗ ಪೈಪು ನಡುವ ಬಾಗಿ ತೊಟ್ಟಲದಂಗ ಆತು.

ಗೌಂಡಿ ಬಂದು ನೋಡಿದ. ಉದ್ದ ಭಾಳ, ಮೈ ತೆಳ್ಳಗ, ಅದಕ್ಕ ನಡು ಜಾರೇತಿ. ನಡುವಿಗೊಂದು ಆಸರ ಕೊಡ್ರಿ ಅಂದ. ಕೈಗೆ ಹಗ್ಗ ಸಿಗಲಿಲ್ಲ. ಸಣ್ಣಾವನ ಹೇಣ್ತಿ ಟ್ರಂಕಿನ ತಳದಾಗಿಂದ ಒಂದ ಸೀರಿ ತಗದು, ಅರಬಿ ಇಳಿಸಿ, ಪೈಪಿನ ನಡು ಎತ್ತಿ ಮ್ಯಾಲಿನ ತೊಲಿಗೆ ಕಟ್ಟಿದಳು. ಮುಂದ ಬಾಗಲಿಲ್ಲ. ಆ ಸೀರಿ ಆಕಿ ಲಗ್ನದಾಗ ದೊಡ್ಡಾವನ ಹೇಣ್ತಿ ಕೊಟ್ಟದ್ದು. ಒಂದ ಸಲಾನೂ ಮೈಗೆ ಹತ್ತಿಸಿರಲಿಲ್ಲ, ಈಗ ಅದ ಮನಿ ಎತ್ತಿ ಹಿಡದಿತ್ತು.

೪. ಖಾನಾಪುರದ ಬೀಗರು

ಕಡೀಕ ಖಾನಾಪುರದಿಂದ ಹೆಣ್ಣ ನೋಡಾಕ ಬಂದ್ರು. ನಾನೂ ಹೋಗಿ ಕುಂತೆ. ಕರದಿರಲಿಲ್ಲ, ಹೋಗ ಅಂತನೂ ಅನ್ನಲಿಲ್ಲ. ಅಣ್ಣತಮ್ಮರ ಜಗಳ ಗೊತ್ತಾದ್ರ ಮಾತು ಮುರೀತೈತಂತ ದೊಡ್ಡಾಂವ ಬಾಜೂಕ ಇರೂದು ಬಾಡಗಿದಾರರು ಅಂತ ಮೊದಲ ಹೇಳಿಬಿಟ್ಟಿದ್ದ. ಪ್ಲೈವುಡ್ಡಿನ ಆಚೆ ಸಣ್ಣಾಂವ ಕೆಮ್ಮಿದ್ದು ನನಗ ಕೇಳಿಸ್ತು.

ಹುಡುಗಿ ಛಾ ತಂದಳು. ಎಲ್ಲಾರೂ ಆಕೀನ್ನ ನೋಡಿದ್ರು. ಹುಡುಗನ ಅಪ್ಪ ಮಾತ್ರ ಕಂಬಾ ನೋಡಾಕತ್ತಿದ್ದ. ಹೆಣ್ಣ ಮನಸ್ಸಿಗೆ ಬರಲಿಲ್ಲೇನೋ ಅಂತ ದೊಡ್ಡಾವನ ಹೇಣ್ತಿ ಮಾರಿ ಬಾಡಿತು. ಆ ಮನಿಷಾ ಹುಟ್ಟಾ ಗೌಂಡಿ ಅಂತ ಯಾರಿಗೂ ಗೊತ್ತಿರಲಿಲ್ಲ. ಎದ್ದ, ಕಿಸೇದಾಗಿನ ದಾರಕ್ಕ ಕೀಲಿ ಕಟ್ಟಿದ, ಕಂಬದ ತುದಿಯಿಂದ ಇಳಿಬಿಟ್ಟ. ದಾರ ಕಂಬಕ್ಕ ಮ್ಯಾಲ ತಾಗಿತು, ಕೆಳಗ ತಾಗಿತು, ನಡುವ ಬೆರಳ ತೂರುವಷ್ಟು ಸಂದು. ಅರ್ಧಕ್ಕ ನಿಂತ ಬೀಮನ್ನೂ ನೋಡಿದ.

"ಆಚೆ ಯಾರದಾರ್ರಿ?"

"ಬಾಡಗಿದಾರರ್ರೀ."

"ಬಾಡಗಿದಾರರಿಗೆ ಯಾರೂ ಅರ್ಧಾ ಕಂಬ ಕೊಡೂದಿಲ್ರಿ. ಇದು ಅಣ್ಣತಮ್ಮರ ಕೆಲಸ. ಕರೀರಿ ಅವರನ್ನ."

ಪ್ಲೈವುಡ್ಡಿನ ಆಚೆ ಮಾತು ಕೇಳಿಸಿಕೊಂಡು ಸಣ್ಣಾಂವ ಬಂದ. ವಾಟ್ನಿ ಆದ ಮ್ಯಾಲ ಮೂರ ವರ್ಷದಾಗ ಅಣ್ಣನ ಕಡೆ ಕಾಲ ಇಟ್ಟದ್ದು ಅದ ಮೊದಲು. ಇವರಿಗೆ ನೀವೇನಾಗಬೇಕು ಅಂತ ಹುಡುಗನ ಅಪ್ಪ ಕೇಳಿದ. ಈಗ ಎಲ್ಲಾ ಹೊರಗ ಬರತೈತಿ ಅಂತ ನಾ ಸೆರಗ ಸರಿ ಮಾಡಿಕೊಂಡು ಮುಂದ ಸರದೆ.

ಸಣ್ಣಾಂವ ಅಣ್ಣನ್ನ ನೋಡಿದ. ಛಾದ ಟ್ರೇ ಹಿಡದು ನಿಂತಿದ್ದ ಹುಡುಗೀನ್ನ ನೋಡಿದ.

"ಬಾಡಗಿದಾರರೀ," ಅಂದ. "ಮೂರ ವರ್ಷ ಆತು, ಒಂದ ದಿನಾನೂ ಬಾಡಗಿ ಕೇಳಿಲ್ಲ. ಇಂಥಾ ಮಾಲಕರು ಬೆಳಗಾವಿ ತುಂಬ ಹುಡುಕಿದ್ರೂ ಸಿಗೂದಿಲ್ರಿ. ಹೆಣ್ಣ ಬಿಡಬ್ಯಾಡ್ರಿ."

ಹುಡುಗನ ಅಪ್ಪ ಸಾವಕಾಶ ದಾರ ಸುತ್ತಿ ಕಿಸೇದಾಗ ಇಟ್ಟುಕೊಂಡು, ಛಾದ ಕಪ್ಪ ಎತ್ತಿಕೊಂಡ.

"ಹೆಣ್ಣ ಒಪ್ಪಿಗಿ ಐತ್ರಿ. ಆದ್ರ ಲಗ್ನಕ್ಕಿಂತ ಮೊದಲ ಈ ಬಾಡಗಿದಾರರ ಕಡೆಯಿಂದಾನೂ ಕಂಬಕ್ಕ ಒಂದ ಬೀಮ್ ಕೊಡಿಸ್ರಿ. ಎರಡೂ ಕಡೆ ವಜ್ಜಾ ಬಿತ್ತಂದ್ರ ಕಂಬಾನೂ ನೆಟ್ಟಗ ನಿಲ್ಲತೈತಿ, ಲಗ್ನದಾಗ ಓಡ್ಯಾಡಾಕ ಹುಡುಗೀ ಕಾಕಾನೂ ಸಿಗತಾನ."